ರಾತ್ರಿ ಗಂಜಿ ಬಿಟ್ಟೆ, ಶುಗರ್ ಇಳಿಯಿತು. ಆದರೆ…

ಪರ್ಕಳದ ಓದುಗರೇ, ಅರುವತ್ತು ದಾಟಿದ ಮೇಲೂ ರಾತ್ರಿ ಗಂಜಿ ಬಿಟ್ಟು ತೂಕ ಇಳಿಸಿದ್ದು ಸಣ್ಣ ಮಾತಲ್ಲ. ಊಟ ಕಡಿಮೆಯಾದರೆ ಲಿವರ್‌ನ ಕೊಬ್ಬು ಬೇಗ ಕರಗುತ್ತದೆ, ಇನ್ಸುಲಿನ್ ಮಾತು ಮತ್ತೆ ನಡೆಯತೊಡಗುತ್ತದೆ. ಆದರೆ ಮಣಿಪಾಲದ ಏರು ಹತ್ತುವಾಗ ತೊಡೆ ಸೋಲುತ್ತದೆ ಎಂದಿದ್ದೀರಲ್ಲ, ನನಗೆ ಚಿಂತೆ ಅದರದ್ದೇ. ಉಂಡ ಸಕ್ಕರೆಯ ದೊಡ್ಡ ಪಾಲು ಹೀರುವುದು ಸ್ನಾಯು. ವಯಸ್ಸಾದಂತೆ ಅದು ತಾನಾಗಿ ಸವೆಯುತ್ತದೆ. ಉಪವಾಸ ಸೇರಿದರೆ ಇನ್ನೂ ಬೇಗ. ಅಮೆರಿಕದ ಎರಡು ವರ್ಷಗಳ ‘ಕ್ಯಾಲರಿ’ ಅಧ್ಯಯನದಲ್ಲಿ ಆಹಾರದಲ್ಲಿ ಸುಮಾರು ಶೇ. 12 ಕಡಿತಕ್ಕೇ ಇನ್ಸುಲಿನ್ ಸಂವೇದನೆ ಸುಧಾರಿಸಿತು, ನಿಜ. ಆದರೆ ಅದಕ್ಕೆ ಸೇರುವಾಗ ಅವರ್ಯಾರೂ 50 ದಾಟಿರಲಿಲ್ಲ! ಹಾಗಾಗಿ ರಾತ್ರಿ ಅರ್ಧ ಬಟ್ಟಲು ಗಂಜಿ ಉಣ್ಣಿ, ಜತೆಗೆ ಹುರುಳಿ ಸಾರೋ ಬಂಗುಡೆಯೋ ಇರಲಿ. ಕೈಯೂರದೆ ಕುರ್ಚಿಯಿಂದ ಎದ್ದು ಕೂರುವುದನ್ನು ದಿನವೂ ಅಭ್ಯಾಸ ಮಾಡಿ. ಶುಗರ್ ಇಳಿಸುವ ಗ್ಲಿಮೆಪಿರೈಡ್ ಮಾತ್ರೆ ನುಂಗಿ ಊಟ ಬಿಡುವುದು ಅಪಾಯ. ಮಾತ್ರೆಯ ಪ್ರಮಾಣದ ಬಗ್ಗೆ ನಾಳೆಯೇ ವೈದ್ಯರನ್ನು ಕೇಳಿ.