ಕಟ್ಟಡಕ್ಕೆ ಮುನ್ನ ಹಕ್ಕಿಗಳ ಎಣಿಕೆ

ದೆಹಲಿ ಮತ್ತು ನೋಯ್ಡಾ ನಗರಗಳ ಗಡಿಯಲ್ಲಿ ಯಮುನಾ ನದಿಗೆ ಅಡ್ಡಲಾಗಿ ಓಖ್ಲಾ ಬ್ಯಾರೇಜನ್ನು ಕಟ್ಟಿದ ಮೇಲೆ ಅದರ ಹಿಂಬದಿಯಲ್ಲಿ ನೀರು ಹರಡಿ ನಿಂತು ವಿಶಾಲವಾದ ಜೌಗು ಪ್ರದೇಶವೊಂದು ರೂಪುಗೊಂಡಿತು. ನೀರಿನ ಜೊತೆಗೆ ಹಕ್ಕಿಗಳೂ ಬಂದವು. ಉತ್ತರ ಪ್ರದೇಶ ಸರ್ಕಾರವು 1990ರಲ್ಲಿ ಅಲ್ಲಿನ ಸುಮಾರು 4 ಚದರ ಕಿಲೋಮೀಟರ್ ಪ್ರದೇಶವನ್ನು ಪಕ್ಷಿಧಾಮವೆಂದು ಘೋಷಿಸಿತು. ಇದುವರೆಗೆ 300ಕ್ಕೂ ಹೆಚ್ಚು ಜಾತಿಯ ಪಕ್ಷಿಗಳು ಇಲ್ಲಿ ಕಂಡುಬಂದಿವೆ. ಆದರೆ ಈ ಅವಧಿಯಲ್ಲಿಯೇ ಸುತ್ತಲಿನ ಹೊಲಗದ್ದೆಗಳು ಬಡಾವಣೆಗಳಾಗಿ, ಬಡಾವಣೆಗಳು ಬಹುಮಹಡಿ ಕಟ್ಟಡಗಳ ಸಾಲುಗಳಾಗಿ ಮಾರ್ಪಟ್ಟವು. ಹೀಗೆ ಕಟ್ಟುವ ಮೊದಲು ಅಲ್ಲಿರುವ ಹಕ್ಕಿಗಳ ವಿಚಾರವನ್ನು ಯಾರು, ಯಾವಾಗ, ಹೇಗೆ ತಿಳಿದುಕೊಳ್ಳಬೇಕು ಎಂಬ ಪ್ರಶ್ನೆ ರಾಷ್ಟ್ರ ರಾಜಧಾನಿ ವಲಯದಲ್ಲಿ ಪದೇ ಪದೇ ನ್ಯಾಯಾಲಯದ ಮೆಟ್ಟಿಲೇರಿದೆ.

ಕಾನೂನಿನ ಹಿನ್ನೆಲೆ

1986ರ ಪರಿಸರ (ಸಂರಕ್ಷಣೆ) ಕಾಯಿದೆಯ ಅಡಿಯಲ್ಲಿ ಕೇಂದ್ರ ಸರ್ಕಾರವು 1994ರ ಜನವರಿಯಲ್ಲಿ ಪರಿಸರ ಪರಿಣಾಮ ಮೌಲ್ಯಮಾಪನದ ಅಧಿಸೂಚನೆಯನ್ನು ಹೊರಡಿಸಿತು. 2006ರ ಸೆಪ್ಟೆಂಬರ್ 14ರಂದು ಅದರ ಸ್ಥಾನದಲ್ಲಿ ಹೊಸ ಅಧಿಸೂಚನೆ ಬಂದಿತು. ಗಣಿ, ಅಣೆಕಟ್ಟು, ವಿಮಾನ ನಿಲ್ದಾಣ, ಹೆದ್ದಾರಿ ಮೊದಲಾದ ಯೋಜನೆಗಳಿಗೂ, 20,000 ಚದರ ಮೀಟರ್ ಅಥವಾ ಅದಕ್ಕಿಂತ ಹೆಚ್ಚಿನ ನಿರ್ಮಿತ ವಿಸ್ತೀರ್ಣದ ಕಟ್ಟಡಗಳಿಗೂ ಕೆಲಸ ಆರಂಭಿಸುವ ಮೊದಲೇ ಪರಿಸರ ಅನುಮತಿ ಪಡೆಯಬೇಕೆಂದು ಅದು ವಿಧಿಸುತ್ತದೆ. ಕಟ್ಟಡ ಯೋಜನೆಗಳಿಗಾಗಿ ಆ ಅಧಿಸೂಚನೆಯೊಡನೆ ಗೊತ್ತುಪಡಿಸಿದ ಅರ್ಜಿ ನಮೂನೆಯಲ್ಲಿ, ಯೋಜನೆಯಿಂದ ಆ ಪ್ರದೇಶದ ಪಕ್ಷಿಗಳ ಮೇಲೆ ನೇರವಾಗಿಯಾಗಲಿ ಪರೋಕ್ಷವಾಗಿಯಾಗಲಿ ಪರಿಣಾಮವುಂಟಾಗುವುದೇ ಎಂಬ ಪ್ರಶ್ನೆಯನ್ನು ಪ್ರತ್ಯೇಕವಾಗಿಯೇ ಕೇಳಲಾಗಿತ್ತು. ಉತ್ತರವನ್ನು ಒಂದೇ ಪದದಲ್ಲಿ ಬರೆದುಬಿಡುವುದು ಸುಲಭ. ಆ ಪದದ ಹಿಂದೆ ಎಷ್ಟು ದಿನಗಳ ವೀಕ್ಷಣೆ ಇದೆ ಎಂಬುದೇ ಮುಖ್ಯವಾದ ವಿಷಯ.

ಅರ್ಜಿಯನ್ನೇ ಸಲ್ಲಿಸಬೇಕಾಗಿಲ್ಲದ ಸಂದರ್ಭಗಳೂ ಇವೆ. ಓಖ್ಲಾ ಪಕ್ಷಿಧಾಮಕ್ಕೆ ಹೊಂದಿಕೊಂಡಂತೆ ನೋಯ್ಡಾದಲ್ಲಿ ಸುಮಾರು 33 ಹೆಕ್ಟೇರ್ ವಿಸ್ತೀರ್ಣದ ಉದ್ಯಾನವೊಂದರ ನಿರ್ಮಾಣ ನಡೆದಾಗ ವಿವಾದ ಸರ್ವೋಚ್ಚ ನ್ಯಾಯಾಲಯವನ್ನು ತಲುಪಿತು. ಉದ್ಯಾನ ದೊಡ್ಡದಾದರೂ ಅದರೊಳಗಿನ ಕಟ್ಟಡಗಳ ವಿಸ್ತೀರ್ಣ 20,000 ಚದರ ಮೀಟರಿಗಿಂತ ಕಡಿಮೆಯಿತ್ತು. ಪಕ್ಷಿಧಾಮದ ಸುತ್ತ ಎಷ್ಟು ದೂರದವರೆಗೆ ನಿರ್ಬಂಧವಿರಬೇಕೆಂಬುದೂ ಆಗ ನಿಗದಿಯಾಗಿರಲಿಲ್ಲ. 2010ರ ಡಿಸೆಂಬರಿನಲ್ಲಿ ನೀಡಿದ ತೀರ್ಪಿನಲ್ಲಿ ನ್ಯಾಯಾಲಯವು, ಈ ಯೋಜನೆಗೆ ಅಧಿಸೂಚನೆಯಂತೆ ಪೂರ್ವಾನುಮತಿ ಅಗತ್ಯವಿರಲಿಲ್ಲವೆಂದು ತೀರ್ಮಾನಿಸಿ ಷರತ್ತುಗಳೊಡನೆ ಕೆಲಸ ಮುಂದುವರಿಸಲು ಅವಕಾಶ ಕೊಟ್ಟಿತು. ಅಧಿಸೂಚನೆಯನ್ನೇ ಮತ್ತೊಮ್ಮೆ ಪರಿಶೀಲಿಸಬೇಕಾಗಿದೆಯೆಂದೂ ಹೇಳಿತು. ಚದರ ಮೀಟರಿನ ಲೆಕ್ಕ ಹಕ್ಕಿಗೆ ತಿಳಿಯದು.

ಮೂರು ವರ್ಷಗಳ ನಂತರ ಪ್ರಶ್ನೆ ಇನ್ನೊಂದು ರೂಪದಲ್ಲಿ ಎದುರಾಯಿತು. 2013ರ ಅಕ್ಟೋಬರಿನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು ಪಕ್ಷಿಧಾಮದಿಂದ 10 ಕಿಲೋಮೀಟರ್ ಒಳಗಿನ ಕಟ್ಟಡಗಳಿಗೆ ಪೂರ್ಣತಾ ಪ್ರಮಾಣಪತ್ರ ನೀಡದಂತೆ ತಡೆಯಿತು. ಜೀವಮಾನದ ಉಳಿತಾಯವನ್ನು ತೊಡಗಿಸಿ ಮನೆ ಕಾಯ್ದಿರಿಸಿದ್ದ ಸಾವಿರಾರು ಕುಟುಂಬಗಳು ಸುಮಾರು ಎರಡು ವರ್ಷ ಕಾಯಬೇಕಾಯಿತು. 2015ರ ಆಗಸ್ಟಿನಲ್ಲಿ ಕೇಂದ್ರ ಪರಿಸರ ಸಚಿವಾಲಯವು ಪರಿಸರ ಸೂಕ್ಷ್ಮ ವಲಯವನ್ನು ಘೋಷಿಸಿ, ಪೂರ್ವ, ಪಶ್ಚಿಮ ಮತ್ತು ದಕ್ಷಿಣ ದಿಕ್ಕುಗಳಲ್ಲಿ 100 ಮೀಟರ್, ಉತ್ತರದಲ್ಲಿ 1.27 ಕಿಲೋಮೀಟರ್ ಎಂದು ಗಡಿ ಗುರುತಿಸಿತು. ಹಕ್ಕಿಗಳ ಸ್ಥಿತಿಗತಿಯ ವಿಚಾರ ಮೊದಲೇ ಇತ್ಯರ್ಥವಾಗದಿದ್ದರೆ ಅದರ ಹೊರೆ ಕೊನೆಗೆ ಮನೆ ಕೊಂಡವರ ಮೇಲೂ ಬೀಳುತ್ತದೆ ಎಂಬುದಕ್ಕೆ ಇದು ನಿದರ್ಶನ.

ಸಮೀಕ್ಷೆಯನ್ನು ನಡೆಸುವ ಬಗೆ

ಪಕ್ಷಿ ಸಮೀಕ್ಷೆಯೆಂದರೆ ಹೆಸರುಗಳ ಪಟ್ಟಿಯಲ್ಲ. ಯಾವ ಹಕ್ಕಿ, ಎಷ್ಟು, ಯಾವ ಜಾಗದಲ್ಲಿ, ಏನು ಮಾಡುತ್ತಿತ್ತು ಎಂಬ ನಾಲ್ಕು ಸಂಗತಿಗಳೂ ದಾಖಲಾಗಬೇಕು. ಮೊದಲು ಯೋಜನಾ ಸ್ಥಳದ ಮತ್ತು ಅದರ ಸುತ್ತಲಿನ ನಕ್ಷೆಯಲ್ಲಿ ಕೆರೆ, ಗದ್ದೆ, ಹುಲ್ಲುಗಾವಲು, ಮರಗಳ ಗುಂಪುಗಳನ್ನು ಗುರುತು ಮಾಡಿಕೊಳ್ಳಲಾಗುತ್ತದೆ. ಅನಂತರ ಗೊತ್ತಾದ ದಾರಿಯಲ್ಲಿ ನಿಧಾನವಾಗಿ ನಡೆಯುತ್ತಲೋ, ಗೊತ್ತಾದ ಸ್ಥಳಗಳಲ್ಲಿ ನಿಗದಿತ ಅವಧಿಯವರೆಗೆ ನಿಂತೋ ಎಣಿಸುತ್ತಾರೆ. ಬಯಲು ಮತ್ತು ಮರಗಳ ಹಕ್ಕಿಗಳಿಗೆ ಸೂರ್ಯೋದಯದ ನಂತರದ ಕೆಲವು ಗಂಟೆಗಳು ಸೂಕ್ತ. ರಾತ್ರಿ ತಂಗುವ ಹಿಂಡುಗಳನ್ನು ಸಂಜೆ ಲೆಕ್ಕಹಾಕಬೇಕು. ಒಂದೇ ಸಲದ ಎಣಿಕೆಯನ್ನು ನಂಬುವಂತಿಲ್ಲ. ಅದೇ ದಾರಿಯಲ್ಲಿ, ಅದೇ ಹೊತ್ತಿಗೆ, ಹಲವು ಬಾರಿ ಎಣಿಸಿದಾಗಲಷ್ಟೇ ಅಂಕಿಗಳನ್ನು ಹೋಲಿಸಲು ಬರುತ್ತದೆ.

ಇವೆಲ್ಲಕ್ಕಿಂತ ಮಿಗಿಲಾದುದು ಋತು. ಮೌಲ್ಯಮಾಪನ ವರದಿಗಳಿಗೆ ಸಾಮಾನ್ಯವಾಗಿ ಮಳೆಗಾಲವನ್ನು ಬಿಟ್ಟು ಯಾವುದಾದರೊಂದು ಋತುವಿನ ಮಾಹಿತಿಯನ್ನು ಕೇಳಲಾಗುತ್ತದೆ. ಗಾಳಿಯಲ್ಲಿನ ದೂಳನ್ನು ಅಳೆಯುವುದಕ್ಕೆ ಇದು ಸರಿಯಾದ ಕ್ರಮ, ಏಕೆಂದರೆ ಮಳೆ ದೂಳನ್ನು ತೊಳೆದುಬಿಡುತ್ತದೆ. ಆದರೆ ಹಕ್ಕಿಗಳಿಗೆ ಇದೇ ಕ್ರಮ ಹೊಂದುವುದಿಲ್ಲ. ಉತ್ತರ ಪ್ರದೇಶದ ರಾಜ್ಯಪಕ್ಷಿಯಾದ ಸಾರಸವು ಆಳೆತ್ತರದ ಹಕ್ಕಿ. ಜಗತ್ತಿನಲ್ಲಿ ಅಪಾಯಕ್ಕೆ ಈಡಾಗಬಹುದಾದ ಪಕ್ಷಿಗಳ ಸಾಲಿಗೆ ಸೇರಿದೆ. ಗೌತಮ ಬುದ್ಧ ನಗರ ಜಿಲ್ಲೆಯ ಧನೌರಿಯ ಜೌಗಿನಂತಹ ತಾಣಗಳಲ್ಲಿ ಬೇಸಿಗೆಯಲ್ಲಿ ಅವು ಗುಂಪಾಗಿ ಸೇರುತ್ತವೆ. ಮಳೆ ಬಿದ್ದೊಡನೆ ಗುಂಪು ಚದುರಿ, ಜೋಡಿಜೋಡಿಯಾಗಿ ನೀರು ನಿಂತ ಗದ್ದೆಗಳಿಗೂ ತಗ್ಗುಗಳಿಗೂ ಹೋಗಿ ಗೂಡು ಕಟ್ಟುತ್ತವೆ. ಸಾಮಾನ್ಯವಾಗಿ ಎರಡೇ ಮೊಟ್ಟೆ. ಮೇ ತಿಂಗಳಲ್ಲಿ ಸಮೀಕ್ಷೆಗೆ ಹೋದವರಿಗೆ ಅದೇ ತಗ್ಗು ಬರಿಯ ಒಣ ನೆಲವಾಗಿ ಕಾಣುತ್ತದೆ. ವರದಿಯಲ್ಲಿ ಅದು ಪಾಳುಭೂಮಿಯೆಂದು ದಾಖಲಾಗಬಹುದು. ಚಳಿಗಾಲದ ಅತಿಥಿಗಳಾದ ಬಾತುಗಳ ವಿಷಯದಲ್ಲಿಯೂ ಹೀಗೆಯೇ. ಅಕ್ಟೋಬರಿನಿಂದ ಬರತೊಡಗುವ ಅವು ಮಾರ್ಚಿನ ಹೊತ್ತಿಗೆ ಬಹುಮಟ್ಟಿಗೆ ಹಿಂದಿರುಗಿರುತ್ತವೆ. ಏಷ್ಯಾದ ನೀರುಹಕ್ಕಿಗಳ ಗಣತಿಯನ್ನು 1987ರಿಂದ ಪ್ರತಿವರ್ಷ ಜನವರಿಯಲ್ಲಿ ನಡೆಸಿಕೊಂಡು ಬಂದಿರುವುದು ಈ ಕಾರಣದಿಂದಲೇ.

ಒಂದು ಪ್ರದೇಶದ ಪಂಚಾಂಗ ಇನ್ನೊಂದಕ್ಕೆ ಒಗ್ಗುವುದೂ ಇಲ್ಲ. ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರಿನಲ್ಲಿ ಬಣ್ಣದ ಕೊಕ್ಕರೆಗಳು ಚಳಿಗಾಲದಿಂದ ಬೇಸಿಗೆಯವರೆಗೆ ಊರ ಮರಗಳಲ್ಲಿ ಮರಿಮಾಡುವುದನ್ನು ಕನ್ನಡಿಗರು ಬಲ್ಲರು. ಅದೇ ಹಕ್ಕಿ ದೆಹಲಿ ಮೃಗಾಲಯದ ಕೊಳಗಳ ಮರಗಳ ಮೇಲೆ, ಯಾರ ಕಟ್ಟೂ ಇಲ್ಲದೆ, 1960ರಿಂದ ಗೂಡು ಕಟ್ಟುತ್ತಾ ಬಂದಿದೆ. ಅಲ್ಲಿ ಅದರ ಕಾಲ ಮಳೆಗಾಲದ ಕೊನೆಯಲ್ಲಿ, ಆಗಸ್ಟಿನ ಸುಮಾರಿಗೆ ಆರಂಭವಾಗುತ್ತದೆ.

ಸಮೀಕ್ಷೆಯ ಫಲ

ಸಮೀಕ್ಷೆಯ ಉದ್ದೇಶ ಯೋಜನೆಯನ್ನು ನಿಲ್ಲಿಸುವುದೇ ಎಂದು ಭಾವಿಸುವುದು ಸರಿಯಲ್ಲ. ಬಹಳ ಕಡೆ ಅದರಿಂದ ದೊರೆಯುವುದು ಸಣ್ಣ ತಿದ್ದುಪಡಿಗಳು: ಗೂಡಿನ ತಿಂಗಳುಗಳಲ್ಲಿ ಒಂದು ಅಂಚಿನ ಕೆಲಸವನ್ನು ಮುಂದೂಡುವುದು, ರಸ್ತೆಯನ್ನು ಸ್ವಲ್ಪ ಸರಿಸುವುದು, ವಿದ್ಯುತ್ ತಂತಿಗಳಿಗೆ ಕಣ್ಣಿಗೆ ಬೀಳುವ ಗುರುತುಗಳನ್ನು ಕಟ್ಟುವುದು. ಕೊನೆಯದು ಅಲ್ಪ ವಿಷಯವೇನಲ್ಲ. ಉತ್ತರ ಪ್ರದೇಶದಲ್ಲಿ ನಡೆಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, ಅಲ್ಲಿನ ಸಾರಸಗಳಲ್ಲಿ ವರ್ಷಕ್ಕೆ ಸುಮಾರು ಶೇಕಡಾ 1ರಷ್ಟು ತಂತಿಗಳಿಗೆ ಸಿಕ್ಕಿ ಸಾಯುತ್ತವೆಯೆಂದು ಅಂದಾಜು ಮಾಡಿತು. ವಿಮಾನ ನಿಲ್ದಾಣಗಳ ಮಟ್ಟಿಗಂತೂ ಹಕ್ಕಿಗಳು ಹಾರುವ ದಾರಿಯನ್ನು ಅರಿಯುವುದು ಪ್ರಯಾಣಿಕರ ಸುರಕ್ಷತೆಯ ಪ್ರಶ್ನೆಯೂ ಹೌದು.

ವರದಿ ಸಿದ್ಧಪಡಿಸುವ ಸಲಹಾ ಸಂಸ್ಥೆಗೆ ಹಣ ಕೊಡುವವನು ಯೋಜನೆಯ ಒಡೆಯನೇ. ಸಂಸ್ಥೆಗಳಿಗೆ ಮಾನ್ಯತೆ ಕಡ್ಡಾಯವಾಗಿದೆ. ಉದ್ದೇಶಪೂರ್ವಕವಾಗಿ ಸುಳ್ಳು ಮಾಹಿತಿ ಕೊಟ್ಟಲ್ಲಿ ಅರ್ಜಿಯನ್ನು ತಿರಸ್ಕರಿಸಲು, ಕೊಟ್ಟ ಅನುಮತಿಯನ್ನು ರದ್ದುಪಡಿಸಲು ಅವಕಾಶವಿದೆ. ಆದರೂ ತಪ್ಪು ತಿಂಗಳಲ್ಲಿ ಪ್ರಾಮಾಣಿಕವಾಗಿ ನಡೆಸಿದ ಎಣಿಕೆ ಸುಳ್ಳು ಎನಿಸಿಕೊಳ್ಳುವುದಿಲ್ಲ. ಆದುದರಿಂದ ಇಂತಹ ವರದಿಯನ್ನು ಓದುವ ನಾಗರಿಕರು ಹಕ್ಕಿಗಳ ಪಟ್ಟಿಯ ಉದ್ದಕ್ಕಿಂತ ಮೊದಲು ಎಣಿಕೆಯ ದಿನಾಂಕಗಳನ್ನು ನೋಡುವುದು ಲೇಸು. ಸಾರ್ವಜನಿಕ ಅಹವಾಲು ಸಭೆ ನಡೆಯಬೇಕಾದ ಯೋಜನೆಗಳಲ್ಲಿ ಸಭೆಗೆ ಕನಿಷ್ಠ 30 ದಿನ ಮೊದಲು ಪ್ರಕಟಣೆ ನೀಡಬೇಕು. ವರದಿಯ ಸಾರಾಂಶ ಸ್ಥಳೀಯ ಭಾಷೆಯಲ್ಲಿಯೂ ದೊರೆಯಬೇಕು. ಲಿಖಿತ ಅಭಿಪ್ರಾಯವನ್ನೂ ಸಲ್ಲಿಸಬಹುದು. ಕೆರೆಯ ಪಕ್ಕದಲ್ಲಿಯೇ ಬದುಕುವ ರೈತನಿಗೆ ಸಾರಸ ಯಾವ ತಿಂಗಳು ಯಾವ ಗದ್ದೆಯಲ್ಲಿ ಗೂಡು ಕಟ್ಟುತ್ತದೆಂಬುದು ಯಾವ ತಜ್ಞನಿಗಿಂತಲೂ ಮೊದಲು ತಿಳಿದಿರುತ್ತದೆ. ಅದು ದಾಖಲೆಗೆ ಸೇರುವ ಸ್ಥಳ ಈ ಸಭೆ. ಕಟ್ಟಡ ಮತ್ತು ಬಡಾವಣೆ ಯೋಜನೆಗಳಿಗೆ ಮಾತ್ರ 2006ರ ಅಧಿಸೂಚನೆ ಇಂತಹ ಸಭೆಯಿಂದ ವಿನಾಯಿತಿ ನೀಡಿದೆ. ನೋಯ್ಡಾ, ಗುರುಗ್ರಾಮಗಳಲ್ಲಿ ಜೌಗು ಪ್ರದೇಶಗಳ ಅಂಚಿಗೆ ಬಂದು ನಿಂತಿರುವವುಗಳಲ್ಲಿ ಹೆಚ್ಚಿನವು ಈ ಬಗೆಯ ಯೋಜನೆಗಳೇ. ಅಲ್ಲಿ ಹಕ್ಕಿಗಳ ಪರವಾಗಿ ಪರಿಶೀಲನಾ ಸಮಿತಿಯ ಮುಂದೆ ಬರುವುದು ಅರ್ಜಿಯ ಜೊತೆಗಿರುವ ಆ ಕೆಲವು ಪುಟಗಳು ಮಾತ್ರ.