ಗರ್ಭಿಣಿಯ ತೂಕ ಎಷ್ಟು ಏರಬೇಕು?

ಗಬ್ಬದ ಹಸುವಿಗೆ ಹೆಚ್ಚು ಹಿಂಡಿ ಇಡುವ ನಮ್ಮ ಮನೆಗಳಲ್ಲಿಯೇ, ಮಗು ದಪ್ಪವಾದರೆ ಹೆರಿಗೆ ಕಷ್ಟವೆಂದು ಬಸುರಿಯ ಊಟ ಕಡಿಮೆ ಮಾಡುವುದುಂಟು. ಇದು ತಪ್ಪು. ಅರೆಹೊಟ್ಟೆಯಲ್ಲಿರುವ ತಾಯಿಯ ಕೂಸು ಎರಡೂವರೆ ಕಿಲೋಗಿಂತ ಕಡಿಮೆ ತೂಗುವ ಸಂಭವ ಹೆಚ್ಚು. ಅಂಥ ಕೂಸು ರೋಗಕ್ಕೆ ಬೇಗ ತುತ್ತಾಗುತ್ತದೆ.

ಸಾಧಾರಣ ಮೈಕಟ್ಟಿನ ಹೆಂಗಸು ಒಟ್ಟು 10ರಿಂದ 12 ಕಿಲೋ ಏರಬೇಕು. ಮೊದಲ 3 ತಿಂಗಳಲ್ಲಿ 1-2 ಕಿಲೋ, ಅನಂತರ ತಿಂಗಳಿಗೆ ಸುಮಾರು ಒಂದೂವರೆ ಕಿಲೋ. ಬಡಕಲು ಮೈಯವರು ಇನ್ನೂ ಹೆಚ್ಚು, ಸ್ಥೂಲಕಾಯದವರು ಕಡಿಮೆ.

ಹಾಗೆಂದು ಇಬ್ಬರ ಊಟ ಬೇಕಿಲ್ಲ. 4ನೇ ತಿಂಗಳಿನಿಂದ ದಿನಕ್ಕೆ 350 ಕ್ಯಾಲೊರಿ ಹೆಚ್ಚಿಗೆ ಸಿಕ್ಕರೆ ಸಾಕು. 70 ಗ್ರಾಂ ರಾಗಿಹಿಟ್ಟಿನ ಮುದ್ದೆ, ಒಂದು ಹಿಡಿ ಅವರೆ ಅಥವಾ ಹುರುಳಿ ಹಾಕಿದ ಸೊಪ್ಪಿನ ಸಾರು ಇದನ್ನು ಹೆಚ್ಚುಕಡಿಮೆ ತುಂಬುತ್ತವೆ. ರಾಗಿಯಲ್ಲಿ 100 ಗ್ರಾಮಿಗೆ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವಿದೆ. ಅಕ್ಕಿಯಲ್ಲಿ ಅದು ಅತ್ಯಲ್ಪ. ಆದರೆ ಕಬ್ಬಿಣದ ಅಂಶಕ್ಕೆ ರಾಗಿಯನ್ನೇ ನೆಚ್ಚಬಾರದು. ಮಾತ್ರೆ ನುಂಗಲೇಬೇಕು, ಚಹದ ಜೊತೆಯಲ್ಲಂತೂ ಬೇಡ.

ಕಳೆ ಕೀಳುವ ಹಂಗಾಮಿನಲ್ಲಿ ಬಸುರಿಯನ್ನು ದಿನವಿಡೀ ಬಗ್ಗಿಸಿ ದುಡಿಸಿದರೆ ಉಂಡದ್ದು ಮೈಗೆ ಹತ್ತದು. ಪ್ರತಿ ತಿಂಗಳೂ ತೂಕ ಮಾಡಿಸಿ ತಾಯಿ ಕಾರ್ಡಿನಲ್ಲಿ ಬರೆಯಿಸಿರಿ. ತೂಕ ಥಟ್ಟನೆ ಏರಿ, ಮುಖ ಕೈ ಊದಿ, ತಲೆನೋವು ಬಂದರೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.