ಕೊಯ್ಲಿನ ದಿನಗಳಲ್ಲಿ ಓಲೆಗವಿತೆ

ದೀಪಾವಳಿ ಮುಗಿಯುವ ಹೊತ್ತಿಗೆ ನಮ್ಮ ಮಲೆನಾಡಿನಲ್ಲಿ ಅಡಿಕೆ ಕೊಯ್ಲು ಶುರು. ಬೆಳಿಗ್ಗೆ ಕೊನೆಗಾರರಿಗೆ ತಿಂಡಿ, ಮಧ್ಯಾಹ್ನ ಹತ್ತು ಹನ್ನೆರಡು ಜನರ ಊಟ, ಸಂಜೆಯಿಂದ ಅಡಿಕೆ ಸುಲಿಯುವ ಕೆಲಸ, ರಾತ್ರಿ ಬೇಯಿಸುವ ಹಂಡೆಯ ಉರಿ ನೋಡಿಕೊಳ್ಳಬೇಕು. ವರ್ಷದಲ್ಲಿ ನಾನು ಅತಿ ಹೆಚ್ಚು ಕವಿತೆ ಬರೆಯುವುದು ಈ ಗಡಿಬಿಡಿಯಲ್ಲೇ. ಒಬ್ಬರ ಹೆಸರು ಹಿಡಿದು ಕರೆದು ಅವರಿಗೇ ಹೇಳುವ ಏಳೆಂಟು ಸಾಲಿನ ಓಲೆಗವಿತೆಗಳು ಅವು. ನನ್ನ ಖುಷಿಗಾಗಿ ಬರೆದುಕೊಳ್ಳುವಂಥವು. ಮಾರ್ಚ್ ತಿಂಗಳ ಲೆಕ್ಕಪತ್ರದಲ್ಲಿ ಮುಳುಗಿದವರಿಗೂ ಪರೀಕ್ಷೆ ಪೇಪರು ತಿದ್ದುವ ಮೇಷ್ಟ್ರಿಗೂ ಮದುವೆ ಮನೆಯ ಓಡಾಟದಲ್ಲಿರುವವರಿಗೂ ಇದು ಒಗ್ಗುತ್ತದೆ. ನಾನು ಮಾಡುವ ಕ್ರಮವನ್ನು ಇಲ್ಲಿ ಹೇಳುತ್ತೇನೆ.

ಮೊದಲು ಆಳು ಗೊತ್ತಾಗಲಿ

ವಿಷಯ ಹುಡುಕುತ್ತ ಕೂರಬೇಡಿ, ಯಾರಿಗೆ ಎಂಬುದನ್ನು ಗೊತ್ತು ಮಾಡಿಕೊಳ್ಳಿ. ನಮ್ಮ ಭಾಷೆಯ ಬಹಳಷ್ಟು ಒಳ್ಳೆಯ ಮಾತು ಹುಟ್ಟಿದ್ದೇ ಹೀಗೆ ಯಾರನ್ನೋ ಎದುರಿಗೆ ಕೂರಿಸಿಕೊಂಡು. ಬಸವಣ್ಣ ಕೂಡಲಸಂಗಮದೇವನೊಡನೆ ಮಾತಾಡಿದರು, ಅಕ್ಕಮಹಾದೇವಿ ಚೆನ್ನಮಲ್ಲಿಕಾರ್ಜುನನೊಡನೆ. ಡಿ.ವಿ.ಜಿ. ತಮ್ಮ ಕಗ್ಗದ ಪ್ರತಿ ಪದ್ಯದಲ್ಲೂ ಮಂಕುತಿಮ್ಮನನ್ನು ಕರೆದರು. ಕೇಳುವವರು ಗೊತ್ತಾದರೆ ದನಿ ತಾನಾಗಿ ಬರುತ್ತದೆ. ಅಕ್ಕನಿಗೆ ಬರೆಯುವಾಗ ಯಾರೂ ಭಾಷಣ ಮಾಡುವುದಿಲ್ಲ. ತೀರಿಹೋದ ಅಜ್ಜಿಗೆ, ಮಾರಿದ ಎಮ್ಮೆಗೆ, ಈ ವರ್ಷ ಫಲ ಬಿಡದ ಹಲಸಿನ ಮರಕ್ಕೂ ಬರೆಯಬಹುದು. ಒಂದು ಓಲೆಗೆ ಒಬ್ಬರೇ ಇರಲಿ.

ಒಕ್ಕಣೆಯಿಂದ ಹೊರಡಿ

ಮೊದಲ ಸಾಲಿಗೆ ತಿಣುಕುವವರಿಗೆ ನಮ್ಮ ಹಳೆಯ ಕಾಗದಗಳಲ್ಲೇ ದಾರಿಯಿದೆ. ತೀರ್ಥರೂಪು, ಮಾತೃಶ್ರೀ, ಚಿರಂಜೀವಿ, ಉಭಯ ಕುಶಲೋಪರಿ, ಇಲ್ಲಿ ಎಲ್ಲರೂ ಕ್ಷೇಮ ಎಂಬ ಆ ಒಕ್ಕಣೆಗಳಲ್ಲಿ ಒಂದನ್ನು ಹಾಗೇ ಎತ್ತಿಕೊಳ್ಳಿ. 'ಇಲ್ಲಿ ಎಲ್ಲರೂ ಕ್ಷೇಮ' ಎಂದು ಬರೆದ ಮೇಲೆ, ಎಲ್ಲರೂ ಎಂದರೆ ಯಾರು ಯಾರು ಎಂದು ಒಬ್ಬೊಬ್ಬರನ್ನೇ ನೆನೆದರೆ ಎರಡನೆಯ ಸಾಲು ಸಿಕ್ಕಿತು.

ಕೈ ಕೆಲಸದಲ್ಲಿರುವಾಗ ಕಟ್ಟಿ

'ಬಿಡುವಾದಾಗ ಬರೆಯುತ್ತೇನೆ' ಎಂದವರು ಬರೆದದ್ದನ್ನು ನಾನು ಕಂಡಿಲ್ಲ. ನಮ್ಮ ಹೆಣ್ಣುಮಕ್ಕಳು ತ್ರಿಪದಿ ಕಟ್ಟಿದ್ದು ಬೀಸುಕಲ್ಲಿನ ಮುಂದೆ, ಕೈ ಗೂಟ ಹಿಡಿದು ತಿರುಗುತ್ತಿರುವಾಗ. ಹಲಸಂಗಿ ಗೆಳೆಯರು ಅಂಥ ತ್ರಿಪದಿಗಳನ್ನು ಸಂಗ್ರಹಿಸಿ 1931ರಲ್ಲಿ 'ಗರತಿಯ ಹಾಡು' ಹೊರತರುವವರೆಗೆ ಆ ಹಾಡುಗಳು ಬಾಯಿಂದ ಬಾಯಿಗೇ ಹರಿದು ಬಂದವು. ಅವುಗಳಲ್ಲಿ ತವರಿಗೆ, ತಾಯಿಗೆ, ಅಣ್ಣತಮ್ಮಂದಿರಿಗೆ ಹೇಳಿಕೊಂಡ ಮಾತು ಎಷ್ಟಿದೆ! ಅಂಚೆಯೇ ಇಲ್ಲದ ಓಲೆಗಳು ಎಂದೇ ನಾನು ಅವನ್ನು ಓದುತ್ತೇನೆ. ಆದ್ದರಿಂದ ಕೆಲಸದ ಲಯಕ್ಕೇ ಒಂದೊಂದು ಸಾಲು ಜೋಡಿಸಿ. ಮೆಟ್ಟುಗತ್ತಿಯ ಮೇಲೆ ಕೂತು ಅಡಿಕೆ ಸುಲಿಯುವಾಗ ನಾನು ಒಂದೇ ಸಾಲನ್ನು ಹತ್ತಾರು ಸಲ ಮನಸ್ಸಿನಲ್ಲೇ ಹೇಳಿಕೊಳ್ಳುತ್ತೇನೆ. ಬಾಯಿಗೆ ತೊಡಕಾದ ಪದ ತಾನೇ ಉದುರಿಹೋಗುತ್ತದೆ. ಒಂದು ಎಚ್ಚರಿಕೆ: ಆ ರಾತ್ರಿ ಮಲಗುವ ಮುಂಚೆ ಬರೆದಿಡಲೇಬೇಕು. ಬೆಳಿಗ್ಗೆ ನೆನಪಿರುತ್ತದೆ ಎಂದು ನಂಬಿ ನಾನು ಕಳೆದುಕೊಂಡ ಸಾಲುಗಳಿಗೆ ಲೆಕ್ಕವಿಲ್ಲ.

ಕಣ್ಣೆದುರಿನದನ್ನು ಬರೆಯಿರಿ

ಹೋದ ವರ್ಷ ದೂರದ ಊರಿನಲ್ಲಿರುವ ಅಕ್ಕನಿಗೆ ಬರೆಯಲು ಕೂತೆ. ಮೊದಲು ಬಂದದ್ದು 'ನಿನ್ನ ನೆನಪು ಸದಾ ಕಾಡುತ್ತದೆ' ಎಂಬ ಸಾಲು. ಸುಳ್ಳಲ್ಲ, ಆದರೆ ಯಾರು ಯಾರಿಗೆ ಬೇಕಾದರೂ ಬರೆಯಬಹುದಾದ ಸಾಲು. ಹೊಡೆದುಹಾಕಿ ಸುತ್ತ ನೋಡಿದೆ. ಸುಲಿದು ಸುಲಿದು ಬೆರಳೆಲ್ಲ ಕಪ್ಪಾಗಿದ್ದವು. ಅಕ್ಕ ಕೂರುತ್ತಿದ್ದ ಜಾಗದಲ್ಲಿ ಮಗಳು ಕೂತಿದ್ದಳು. ಆಗ ಓಲೆ ಹೀಗಾಯಿತು:

ಅಕ್ಕಾ, ಇಲ್ಲಿ ಎಲ್ಲರೂ ಕ್ಷೇಮ.
ಅಡಿಕೆಯ ಕಲೆ ಬೆರಳು ಬಿಟ್ಟಿಲ್ಲ,
ಕಾಗದದ ತುಂಬ ನನ್ನ ಹೆಬ್ಬೆಟ್ಟಿನ ಗುರುತು.
ನಿನ್ನ ಮೆಟ್ಟುಗತ್ತಿಗೆ ಈಗ ನನ್ನ ಮಗಳು ಒಡತಿ.
ಒಂದು ಅಡಿಕೆ ಸುಲಿದರೆ ಹತ್ತು ಮಾತು,
ಥೇಟು ನೀನೇ.
ನಿಮ್ಮಲ್ಲೂ ಚಳಿ ಬಿತ್ತೇ?

ನೆನಪು ಎಂಬ ಪದ ಇದರಲ್ಲಿ ಎಲ್ಲೂ ಇಲ್ಲ. ಕೊನೆಗೊಂದು ಪ್ರಶ್ನೆ ಇಡುವುದು ನನ್ನ ರೂಢಿ. ಕಾಗದ ಎಂದರೆ ಉತ್ತರಕ್ಕೆ ಕಾಯುವಂಥದ್ದು, ಆ ಕಾಯುವಿಕೆ ಕವಿತೆಯಲ್ಲೂ ಉಳಿಯಬೇಕು. ಪ್ರಾಸ ಬಂದರೆ ಬರಲಿ, ಅದಕ್ಕಾಗಿ ಸಾಲನ್ನು ತಿರುಚುವುದು ಬೇಡ.

ಅಳತೆ, ಅಂಕಿತ, ಅಂಚೆ

ಒಂದು ಅಂಚೆ ಕಾರ್ಡಿನಲ್ಲಿ ಹಿಡಿಯುವಷ್ಟೇ ಬರೆಯಿರಿ. ನಮ್ಮ ದೇಶದಲ್ಲಿ ಅಂಚೆ ಕಾರ್ಡು ಬಂದದ್ದು 1879ರಲ್ಲಿ. ಅಂದಿನಿಂದ ಹೆರಿಗೆ, ಸಾವು, ಮದುವೆ, ಮಳೆ ಬೆಳೆ ಎಲ್ಲ ಸುದ್ದಿಯೂ ಆ ಅಂಗೈಯಗಲದ ಜಾಗದಲ್ಲಿ ಹಿಡಿದಿದೆ, ನಿಮ್ಮ ಕವಿತೆಯೂ ಹಿಡಿಯುತ್ತದೆ. ಏಳೆಂಟು ಸಾಲು ದಾಟಿತೆಂದರೆ ಎರಡು ಓಲೆಯಾಗಿ ಒಡೆಯುವುದು ಮೇಲು.

ಕೊನೆಯಲ್ಲಿ ಒಂದು ಅಂಕಿತ ಇಟ್ಟುಕೊಳ್ಳಿ. ಮನೆಯ ಮುದ್ದು ಹೆಸರೋ ಊರಿನ ಹೊಳೆಯ ಹೆಸರೋ ಸಾಕು. ಪ್ರತಿ ಓಲೆಗೂ ಅದನ್ನೇ ಹಾಕಿದರೆ ನಾಲ್ಕಾರು ವಾರಗಳಲ್ಲಿ ಅದು ನಿಮ್ಮ ದನಿಯೇ ಆಗಿಬಿಡುತ್ತದೆ. ಪುರಂದರವಿಠಲ ಎಂಬ ಅಂಕಿತ ಕೇಳಿದೊಡನೆ ದಾಸರ ದನಿ ಕಿವಿಗೆ ಬರುವುದಿಲ್ಲವೇ, ಹಾಗೆ.

ಮಾರನೆಯ ದಿನ ಒಮ್ಮೆ ಗಟ್ಟಿಯಾಗಿ ಓದಿ, ಎಡವಿದ ಕಡೆ ತಿದ್ದಿ. ಒಂದು ಸಲ ತಿದ್ದಿದರೆ ಸಾಕು, ಹೆಚ್ಚು ತಿದ್ದಿದರೆ ಕೊಯ್ಲಿನ ವಾಸನೆ ಹೋಗಿಬಿಡುತ್ತದೆ. ಕಳಿಸುವುದು ಬಿಡುವುದು ನಿಮ್ಮಿಷ್ಟ. ನಾನು ಬರೆದವುಗಳಲ್ಲಿ ಹೆಚ್ಚಿನವು ಮಾವನ ಕಾಲದ ಲೆಕ್ಕದ ಪುಸ್ತಕದ ಖಾಲಿ ಹಾಳೆಗಳಲ್ಲೇ ಉಳಿದಿವೆ. ತಾರೀಖು ಮಾತ್ರ ತಪ್ಪದೆ ಹಾಕಿ. ಯಾವ ವರ್ಷ ಯಾವ ಕೊಯ್ಲಿನಲ್ಲಿ ಬರೆದದ್ದು ಎಂದು ಮುಂದೆ ನೋಡಿದಾಗ ಆ ತಾರೀಖೇ ಅರ್ಧ ಕವಿತೆ ಹೇಳುತ್ತದೆ.

ಇವತ್ತು ರಾತ್ರಿ ಏನನ್ನೂ ಬರೆಯಬೇಡಿ. ಒಂದು ಹಾಳೆಯ ತಲೆಯಲ್ಲಿ ಯಾರಿಗೆ ಎಂಬುದೊಂದನ್ನು ಬರೆದು ದಿಂಬಿನ ಪಕ್ಕ ಇಟ್ಟು ಮಲಗಿ. ನಾಳೆ ಕೆಲಸಕ್ಕೆ ಕೈ ಹಾಕಿದಾಗ ಮೊದಲ ಸಾಲು ಬರುತ್ತದೆ.